ದ್ಯಾವಣ್ಣನ ನಡುವಣ್ಣ ಗಾಡಿ

ಬಲು ಹಿಂದಿನ ಮಾತು. ಎಷ್ಟು ಹಿಂದೆ ಅಂತ ಮಾತ್ರ ಕೇಳಬೇಡಿ. ಹಾಗೆ ಕೇಳಿದವರಿಗೆ ನಮ್ಮಜ್ಜ ಬೈಯುತ್ತಿದ್ದ, ನಾನೂ ಬೈಯುತ್ತೇನೆ. ಡೀಸೆಲ್ ಬಂದಿತ್ತು, ಟಾರು ರಸ್ತೆ ಇನ್ನೂ ಬಂದಿರಲಿಲ್ಲ, ಆ ಎರಡರ ನಡುವಿನ ಕಾಲ ಅಂತ ಇಟ್ಟುಕೊಳ್ಳಿ. ಅಂಥ ಕಾಲದಲ್ಲಿ ಜೋಡುಗುಂಡಹಳ್ಳಿ ಅಂತ ಒಂದು ಊರಿತ್ತು, ಆ ಊರಲ್ಲಿ ದ್ಯಾವಣ್ಣ ಅಂತ ಒಬ್ಬನಿದ್ದ.

ಊರಿಗೆ ಆ ಹೆಸರು ಯಾಕೆ ಬಂತು ಅಂದರೆ, ಊರಬಾಗಿಲಲ್ಲೇ ಎರಡು ಗುಂಡುಕಲ್ಲು ಎದುರುಬದುರಾಗಿ ನಿಂತಿದ್ದವು. ಒಂದೊಂದೂ ಮನೆಯಷ್ಟು ಎತ್ತರ. ಹೋಗುವವರು ಬರುವವರು ಎಲ್ಲ ಆ ಎರಡರ ಸಂದಿಯಲ್ಲೇ ನುಗ್ಗಬೇಕು. ಲಾರಿ ಬಂದರೆ ಅದರ ಹೊಟ್ಟೆ ಸಿಕ್ಕಿಹಾಕಿಕೊಳ್ಳುತ್ತಿತ್ತು. ಮೂರು ಚಕ್ರದ ಆಟೋ ಸಂದಿಯಲ್ಲಿ ಸಲೀಸಾಗಿ ನುಸುಳುತ್ತಿತ್ತು, ಆದರೆ ಅಲ್ಲಿಂದಾಚೆಗಿನ ಏರು ಹತ್ತಲಾರದೆ ಏದುಸಿರು ಬಿಟ್ಟು ಬಂದ ದಾರಿಗೇ ಉರುಳುತ್ತಿತ್ತು. ಹಾಗಾಗಿ ಎತ್ತಿನ ಗಾಡಿಯೊಂದೇ ಗತಿ. ಊರಿನ ಹುಣಸೆಹಣ್ಣು ಸಂತೆ ಮುಟ್ಟುವಷ್ಟರಲ್ಲಿ ಸಂತೆಯವರು ಅಂಗಡಿ ಕಟ್ಟಿ ಮನೆಗೆ ಹೋಗಿ ಉಂಡು ಮಲಗಿರುತ್ತಿದ್ದರಂತೆ.

ದ್ಯಾವಣ್ಣ ಚಿಕ್ಕಂದಿನಲ್ಲೇ ತಂದೆತಾಯಿ ಕಳೆದುಕೊಂಡವನು. ಮುದ್ದೀರಮ್ಮ ಅಂತ ಒಬ್ಬಳು ತಂಗಿ. ಆ ತಂಗಿಗೆ ತಾಯಿಯೂ ಅವನೇ, ತಂದೆಯೂ ಅವನೇ. ಪೇಟೆಯ ಗ್ಯಾರೇಜಿನಲ್ಲಿ ವರ್ಷಗಟ್ಟಲೆ ಗ್ರೀಸು ಮೆತ್ತಿಕೊಂಡು ದುಡಿದು, ಒಂದು ದಿನ ಊರಿಗೆ ಒಂದು ಪಿಕಪ್ಪು ಗಾಡಿ ಓಡಿಸಿಕೊಂಡು ಬಂದ. ಅದರ ಬಣ್ಣ ನೀಲಿ ಅಂತಾರೆ ಕೆಲವರು. ಇಟ್ಟಿಗೆ ಕೆಂಪು ಅಂತಾರೆ ಇನ್ನು ಕೆಲವರು. ನೋಡಿದವರು ಯಾರೂ ಉಳಿದಿಲ್ಲ, ಅದಕ್ಕೇ ಜಗಳವೂ ಮುಗಿದಿಲ್ಲ. ಗಾತ್ರದ ಬಗ್ಗೆ ಮಾತ್ರ ಎಲ್ಲರದೂ ಒಂದೇ ಮಾತು. ದೊಡ್ಡದಲ್ಲ, ಚಿಕ್ಕದಲ್ಲ, ನಡುಗಾತ್ರ.

ಊರವರು ಬಂದು ಸುತ್ತ ನಿಂತು ನೋಡಿ ನಕ್ಕರು. ಲಾರಿಯ ಹೊರೆ ಹೊರಲ್ಲ, ಆಟೋದಷ್ಟು ಕಮ್ಮಿ ಎಣ್ಣೆ ಕುಡಿಯಲ್ಲ, ಇದೇನು ಅತ್ತಲೂ ಇಲ್ಲದ ಇತ್ತಲೂ ಇಲ್ಲದ ಗಾಡಿ ಅಂದರು. ಒಬ್ಬ ಮುದುಕಿ ಅದಕ್ಕೆ ಹೆಸರೇ ಇಟ್ಟುಬಿಟ್ಟಳು. ಮನೆಯಲ್ಲಿ ಹಿರಿಯನಿಗೆ ಯಜಮಾನಿಕೆ, ಕಿರಿಯನಿಗೆ ಮುದ್ದು, ನಡುವಿನವನಿಗೆ ದುಡಿತ, ಇದು ನಡುವಣ್ಣ ಕಣ್ರೋ ಅಂದಳಂತೆ. ಅಂದಿನಿಂದ ಅದು ನಡುವಣ್ಣ ಗಾಡಿ.

ದುಡಿಯಿತು ನೋಡಿ ಆ ನಡುವಣ್ಣ! ಜೋಡುಗುಂಡಿನ ಸಂದಿಗೆ ಬಂದಾಗ ದ್ಯಾವಣ್ಣ ಎರಡೂ ಕಡೆಯ ಕನ್ನಡಿ ಮಡಚಿ, ತಾನೂ ಉಸಿರು ಒಳಗೆಳೆದುಕೊಳ್ಳುತ್ತಿದ್ದ. ಅತ್ತ ಒಂದು ಬೆರಳು, ಇತ್ತ ಒಂದು ಬೆರಳು ಜಾಗ ಬಿಟ್ಟು ಗಾಡಿ ಆಚೆಗೆ ದಾಟುತ್ತಿತ್ತು. ಕಲ್ಲುಗಳೇ ಸ್ವಲ್ಪ ಸರಿದು ದಾರಿ ಬಿಡುತ್ತಿದ್ದವು ಅಂತಾರೆ. ಹುಣಸೆಹಣ್ಣಿನ ಮೂಟೆ ಹೊತ್ತಿತು, ಮನೆ ಕಟ್ಟೋ ಚಪ್ಪಡಿ ಹೊತ್ತಿತು, ಕಾಲು ಮುರಿದ ಎಮ್ಮೆಯನ್ನೂ ಹೊತ್ತಿತು. ಆ ಎಮ್ಮೆ ಗಾಡಿಯ ರುಚಿ ಹತ್ತಿ, ಕಾಲು ವಾಸಿಯಾದ ಮೇಲೂ ನಡೆಯೋಕೆ ಒಪ್ಪಲಿಲ್ಲ ಅಂತಾರೆ. ಅದನ್ನ ನಂಬೋದು ಬಿಡೋದು ನಿಮಗೆ ಬಿಟ್ಟಿದ್ದು.

ಗುಣವಿದ್ದ ಮೇಲೆ ಅವಗುಣವೂ ಇರಬೇಕಲ್ಲ. ನಡುವಣ್ಣನಿಗೆ ಎರಡು ಅವಗುಣ. ಹೊರೆ ಇದ್ದರೆ ಗಾಡಿ ಬಸುರಿ ಹೆಂಗಸಿನ ಹಾಗೆ ನಿಧಾನವಾಗಿ, ಗಂಭೀರವಾಗಿ ನಡೆಯುತ್ತಿತ್ತು. ಖಾಲಿ ಇದ್ದರೆ ಹಿಂಭಾಗ ಕುಣಿದು ಕುಪ್ಪಳಿಸಿ, ಕೂತವರ ಹಲ್ಲು ಕಟಕಟ ಅನ್ನುತ್ತಿತ್ತು. ಗಾಡಿಯನ್ನು ತಳ್ಳೋದು ಹಿಂದಿನ ಗಾಲಿ, ಆ ಗಾಲಿಯ ಮೇಲೆ ಭಾರ ಇಲ್ಲದಿದ್ದರೆ ಅದು ನೆಲ ಕಚ್ಚದೆ ಸುಮ್ಮನೆ ತಿರುಗುತ್ತಿತ್ತು. ತುಂಬಿದ ಕೊಡ ತುಳುಕುವುದಿಲ್ಲ ಅಂತ ಗಾದೆ ಮಾಡಿದವರು ಇಂಥ ಗಾಡಿಯನ್ನೇ ನೋಡಿ ಮಾಡಿರಬೇಕು.

ಎರಡನೆಯ ಅವಗುಣ ಮೊದಲನೆಯದಕ್ಕಿಂತ ಕೆಟ್ಟದ್ದು. ಮುಂದುಗಡೆ ಡ್ರೈವರ್ ಪಕ್ಕದಲ್ಲಿ ಸೀಟು ಒಂದೇ. ಗಾಜು ಇರೋದು, ಮೆತ್ತೆ ಇರೋದು, ಧೂಳು ಇಲ್ಲದಿರೋದು ಅಲ್ಲೊಂದೇ. ಹಿಂದೆ ಬರೀ ತಗಡು, ಹಗ್ಗ, ಬಿಸಿಲು. ನೋಡನೋಡುತ್ತಾ ಆ ಸೀಟು ಊರಿನ ಮಾನದ ಪ್ರಶ್ನೆಯಾಯಿತು. ಅದರಲ್ಲಿ ಕೂತು ಸಂತೆಗೆ ಹೋದವನು ಆವತ್ತೆಲ್ಲ ಹಿಂದೆ ಕೂತವರ ಜೊತೆ ಮಾತಾಡುತ್ತಿರಲಿಲ್ಲವಂತೆ. ಊರಗೌಡ ತೋಪೇಗೌಡರು ಬಂದರೆ ಯಾರೇ ಕೂತಿರಲಿ ಇಳಿಯಬೇಕು. ಜ್ವರ ಬಂದ ಮಗು ಎತ್ತಿಕೊಂಡ ತಾಯಿ ಕೂತಿದ್ದರೂ ಇಳಿಯಬೇಕು. ಗೌಡರು ಕೆಟ್ಟವರೇನಲ್ಲ. ಆದರೆ ಮುಂದೆ ಕೂರದಿದ್ದರೆ ಗೌಡಿಕೆ ಎಲ್ಲಿ ಉಳೀತು ಅಂತ ಅವರಿಗೆ ಯಾರೋ ಹೇಳಿಕೊಟ್ಟಿದ್ದರು, ಅಥವಾ ತಾವೇ ಹೇಳಿಕೊಂಡಿದ್ದರು.

ದ್ಯಾವಣ್ಣನಿಗೆ ಇದು ಸರಿ ಕಾಣುತ್ತಿರಲಿಲ್ಲ. ಆದರೆ ಹೇಳೋಕೆ ಬಾಯಿ ಬೇಕಲ್ಲ! ಗಾಡಿಯ ಜೊತೆ ಅವನು ಎಡೆಬಿಡದೆ ಮಾತಾಡುತ್ತಿದ್ದ. ಏರು ಬಂದರೆ ಪುಸಲಾಯಿಸುತ್ತಿದ್ದ, ಇಳಿಜಾರಿನಲ್ಲಿ ಗದರುತ್ತಿದ್ದ, ಮನೆ ಮುಟ್ಟಿದ ಮೇಲೆ ಬಾನೆಟ್ಟು ತಟ್ಟಿ ಕ್ಷೇಮ ವಿಚಾರಿಸುತ್ತಿದ್ದ. ಗಾಡಿ ಇಳಿದು ದೊಡ್ಡವರ ಮುಂದೆ ನಿಂತರೆ ಮಾತ್ರ ನಾಲಿಗೆ ಮಡಚಿಕೊಳ್ಳುತ್ತಿತ್ತು. ಏನೇ ಹೇಳಿದರೂ ಹೂಂ ಅನ್ನುತ್ತಿದ್ದ, ಆಮೇಲೆ ಮನೆಗೆ ಬಂದು ಹೊಟ್ಟೆ ಉರಿಸಿಕೊಳ್ಳುತ್ತಿದ್ದ. ಅಣ್ಣಯ್ಯಾ, ಗಾಡಿ ಕೂಡೆ ಆಡೋ ಮಾತಲ್ಲಿ ಅರ್ಧನಾದ್ರೂ ಮನುಷ್ಯರ ಕೂಡೆ ಆಡು ಅಂತ ಮುದ್ದೀರಮ್ಮ ಎಷ್ಟೋ ಸಲ ಹೇಳಿದ್ದಳಂತೆ. ಅದಕ್ಕೂ ಅವನು ಹೂಂ ಅಂದಿದ್ದನಂತೆ.

ಹೀಗಿರುವಾಗ ಮುದ್ದೀರಮ್ಮನಿಗೆ ಗಂಡು ಗೊತ್ತಾಯಿತು. ಮರಳಹಳ್ಳದಾಚೆ ಮಾದೇನಹಟ್ಟಿ ಅಂತ ಊರು. ಹುಡುಗ ಒಳ್ಳೆಯವನು, ಹುಡುಗಿಗೂ ಮನಸ್ಸಿತ್ತು. ಸಂತೆಯಲ್ಲಿ ಅವನು ಇವಳಿಗೆ ಬಳೆ ಆರಿಸಿಕೊಟ್ಟಿದ್ದ ಅಂತಾರೆ, ಇರಲಿ, ಅದು ಬೇರೆ ಕಥೆ. ಆ ಮನೆಯಲ್ಲಿ ಮಾತು ನಡೆಯುತ್ತಿದ್ದದ್ದು ಹುಡುಗನ ಅಜ್ಜಿ ಸಿರಿಯಮ್ಮನದು. ಹಿಂದೊಮ್ಮೆ ಅವರ ಮನೆಯಲ್ಲಿ ಮುಹೂರ್ತ ಮೀರಿ ತಾಳಿ ಕಟ್ಟಿಸಿ, ಆ ಸಂಸಾರ ನೆಟ್ಟಗಾಗಿರಲಿಲ್ಲ. ಅದಕ್ಕೇ ಅಜ್ಜಿ ಮೊದಲೇ ಹೇಳಿಕಳಿಸಿದ್ದಳು. ಮದುವೆ ನಮ್ಮನೇಲೇ ಆಗಬೇಕು, ಹೊತ್ತಿಗೆ ಸರಿಯಾಗಿ ಹೆಣ್ಣು ಬರಬೇಕು, ಮುಹೂರ್ತ ಮೀರಿದರೆ ಹಸೆ ಎತ್ತಿಸಿಬಿಡ್ತೀನಿ ಅಂತ. ಎತ್ತಿಸುವವಳೇ ಆ ಮುದುಕಿ, ಎಲ್ಲರಿಗೂ ಗೊತ್ತಿತ್ತು.

ಗಂಡಸರೆಲ್ಲ ಹಿಂದಿನ ದಿನವೇ ಎತ್ತಿನ ಗಾಡಿ ಕಟ್ಟಿ, ದವಸ ಪಾತ್ರೆ ಹೇರಿಕೊಂಡು ಹೋಗಿದ್ದರು. ಮದುವೆಯ ಬೆಳಗ್ಗೆ ನಡುವಣ್ಣನಲ್ಲಿ ಹೆಣ್ಣು, ನಾಲ್ಕಾರು ಹೆಂಗಸರು, ಜೊತೆಗೆ ತೋಪೇಗೌಡರು ಹೊರಡೋದು ಅಂತ ಏರ್ಪಾಡು. ದ್ಯಾವಣ್ಣ ಮುಂದಿನ ಸೀಟಿಗೆ ತಂಗಿಗಾಗಿ ಹೊಸ ಟವೆಲ್ ಹಾಸಿದ್ದ. ಗೌಡರು ಬಂದವರೇ ಆ ಟವೆಲಿನ ಮೇಲೆ ಕೂತರು. ಅಷ್ಟರಲ್ಲಿ ಪರವೂರಿನಿಂದ ಸೋದರಮಾವ ಗವಿಯಣ್ಣ ಬಂದ. ಹೆಣ್ಣನ್ನು ಹಸೆಗೆ ಕರೆತರೋ ಹಕ್ಕು ಸೋದರಮಾವನದು, ಹಿಂದೆ ಕೂತು ಹೋದರೆ ನನ್ನ ಮರ್ಯಾದೆ ಏನಾಯ್ತು ಅಂದ. ಗೌಡರು ಇಳಿಯಲಿಲ್ಲ. ಗವಿಯಣ್ಣ ಬಿಡಲಿಲ್ಲ. ಎತ್ತು ಏರಿಗೆಳೆದರೆ ಕೋಣ ನೀರಿಗೆಳೀತು. ಕೊನೆಗೆ ಒಬ್ಬರ ತೊಡೆಯ ಮೇಲೆ ಇನ್ನೊಬ್ಬರ ತೊಡೆ ಏರಿಸಿಕೊಂಡು ಇಬ್ಬರೂ ಮುಂದೆಯೇ ತುರುಕಿಕೊಂಡರು. ಇಬ್ಬರೂ ಒನಕೆ ಮುರಿಯೋ ಹಂಗಿದ್ದ ಆಳುಗಳು. ದ್ಯಾವಣ್ಣನ ಅರ್ಧ ಮೈ ಕಿಟಕಿಯಿಂದಾಚೆ.

ಮುದ್ದೀರಮ್ಮ ಧಾರೆಸೀರೆಯಲ್ಲೇ ಹಿಂದೆ ಹತ್ತಿ, ಹಗ್ಗ ಹಿಡಿದು ತಗಡಿನ ಪೆಟ್ಟಿಗೆಯ ಮೇಲೆ ಕೂತಳು. ಇವತ್ತೊಂದು ದಿನ ಅವಳು ಮುಂದೆ ಕೂರಲಿ ಅಂತ ಹೇಳೋಕೆ ದ್ಯಾವಣ್ಣ ಬಾಯಿ ತೆರೆದ. ಗೌಡರು ತಿರುಗಿ, “ಏನ್ಲಾ ದ್ಯಾವ, ಹೊರಡಾನಾ?” ಅಂದರು. ದ್ಯಾವಣ್ಣ ಹೂಂ ಅಂದ.

ದ್ಯಾವಣ್ಣ ಹೇಗೋ ಮೈ ಒಳಗೆಳೆದುಕೊಂಡ ಮೇಲೆ ಗಾಡಿ ಜೋಡುಗುಂಡು ದಾಟಿತು. ಏರು ಹತ್ತಿತು. ಹೂವಿನ ಬುಟ್ಟಿ, ವೀಳ್ಯದ ಕಟ್ಟು, ಗಾಳಿಗೆ ಹಾರೋ ಸಾಮಾನು ಹೊತ್ತ ಹಿಂಭಾಗ ದಾರಿಯುದ್ದಕ್ಕೂ ಕುಣಿಯಿತು. ಹೆಂಗಸರು ಸೋಬಾನೆ ಹೇಳೋಕೆ ಹೋದರೆ ಪದ ತುಂಡು ತುಂಡಾಗಿ ಹೊರಗೆ ಬರುತ್ತಿತ್ತಂತೆ. ಹೀಗೇ ಬಂದು ಗಾಡಿ ಮರಳಹಳ್ಳಕ್ಕೆ ಇಳಿಯಿತು. ಮೂಟೆ ಹೇರಿಕೊಂಡು ಅದೇ ಹಳ್ಳವನ್ನು ನಡುವಣ್ಣ ವಾರಕ್ಕೊಮ್ಮೆ ದಾಟುತ್ತಿತ್ತು. ಇವತ್ತು ನಟ್ಟನಡುವೆ ಹಿಂದಿನ ಗಾಲಿ ಒಮ್ಮೆ ತಿರುಗಿತು, ಇನ್ನೊಮ್ಮೆ ತಿರುಗಿತು, ಮರಳನ್ನು ಹಿಂದಕ್ಕೆ ಚೆಲ್ಲಿ ಕೂತುಬಿಟ್ಟಿತು.

ಈಗ ಆ ಊರವರ ಬುದ್ಧಿ ನೋಡಿ. ಹುಟ್ಟಿದಾಗಿನಿಂದ ಎತ್ತಿನ ಗಾಡಿ ಕಂಡವರು. ಎತ್ತಿನ ಗಾಡಿ ಹೂತರೆ ಏನು ಮಾಡ್ತಾರೆ? ಎಲ್ಲರೂ ಇಳೀತಾರೆ, ಹೊರೆ ಇಳಿಸ್ತಾರೆ, ಎತ್ತಿಗೆ ಹಗುರ ಮಾಡ್ತಾರೆ. ಗೌಡರು ಅದನ್ನೇ ಹೇಳಿದರು. “ಇಳೀರ್ರಮ್ಮೋ ಎಲ್ಲಾ! ಗಾಡಿ ಹಗುರ ಆಗ್ಲಿ!” ಹೆಂಗಸರು ಇಳಿದರು. ಪೆಟ್ಟಿಗೆ ಇಳಿಯಿತು. ಹೂವಿನ ಬುಟ್ಟಿಯೂ ಇಳಿಯಿತು. ಹಗುರಾದಷ್ಟೂ ಗಾಡಿ ಹೂಳುತ್ತೆ ಅಂತ ದ್ಯಾವಣ್ಣನಿಗೆ ತನ್ನ ಅಂಗೈ ಗೆರೆಯಷ್ಟು ಚೆನ್ನಾಗಿ ಗೊತ್ತಿತ್ತು. ಆದರೂ ಗೌಡರು ಹೊಡಿ ಲಾ ಗಾಡಿ ಅಂದರು, ಇವನು ಹೂಂ ಅಂದು ಆಕ್ಸಿಲರೇಟರ್ ಒತ್ತಿದ. ಗೌಡರೂ ಗವಿಯಣ್ಣನೂ ಹಿಂದೆ ನಿಂತು ನೂಕಿದರು. ಗಾಲಿ ಗಿರಗಿರ ತಿರುಗಿ ಇಬ್ಬರ ಬಿಳಿ ಪಂಚೆ, ಮೀಸೆ, ಬಾಯಿ ಎಲ್ಲ ಮರಳುಮಯ ಮಾಡಿತು. ಗಾಡಿ ಇನ್ನೂ ಒಂದು ಗೇಣು ಕೆಳಗಿಳಿಯಿತು.

ಆಮೇಲೆ ಶುರುವಾಯಿತು ಬೈಗುಳ. ಲಾರಿ ಆಗಿದ್ದರೆ ಹೀಗಾಗುತ್ತಿರಲಿಲ್ಲ ಅಂದರು ಗೌಡರು. ಎತ್ತಿನ ಗಾಡಿ ಆಗಿದ್ದರೆ ಇಷ್ಟೊತ್ತಿಗೆ ಮುಟ್ಟಿರುತ್ತಿದ್ದೆವು ಅಂದ ಗವಿಯಣ್ಣ. ನಿನ್ನ ಭಾರಕ್ಕೇ ಹೂತಿದ್ದು ಅಂತ ಅವರು, ನಿಮ್ಮ ಭಾರಕ್ಕೇ ಅಂತ ಇವನು. ಮಾದೇನಹಟ್ಟಿ ಇನ್ನೂ ಎರಡು ಹರಿದಾರಿ ದೂರ, ನಡೆದರೆ ಮಧ್ಯಾಹ್ನ ಮೀರುತ್ತದೆ. ಬಿಸಿಲು ಏರುತ್ತಿತ್ತು. ದ್ಯಾವಣ್ಣ ಸ್ಟೇರಿಂಗ್ ಹಿಡಿದು ಕೂತವನು ಕೂತೇ ಇದ್ದ. ಆಚೆ ದಡದಲ್ಲೆಲ್ಲೋ ಒಬ್ಬ ಮುದುಕಿ ಹಸೆಯ ಅಂಚು ಹಿಡಿದು ಮಡಿಸುತ್ತಿರೋದು ಅವನ ಕಣ್ಣಿಗೆ ಕಟ್ಟಿತ್ತು. ತಂಗಿಯ ಬಾಳು ತನ್ನ ಒಂದು ಹೂಂನಿಂದ ಹಾಳಾಗ್ತಿದೆಯಲ್ಲ ಅಂತ ಅವನ ಕಣ್ಣು ತುಂಬಿತು.

ಮುದ್ದೀರಮ್ಮ ಅಳಲಿಲ್ಲ ಅಂತಾರೆ. ಮರಳಲ್ಲಿ ಸೀರೆ ನೆರಿಗೆ ಎತ್ತಿಕೊಂಡು ನಡೆದು ಬಂದು, ಕಿಟಕಿಯ ಹತ್ತಿರ ನಿಂತಳಂತೆ.

“ಅಣ್ಣಯ್ಯಾ, ನಡುವಣ್ಣ ಏನಂತಾನೆ?”

ದ್ಯಾವಣ್ಣ ತಂಗಿಯ ಮುಖ ನೋಡಿದ. ಅವಳು ತಮಾಷೆಗೆ ಕೇಳಿರಲಿಲ್ಲ. ಅವನು ಗಾಡಿ ಇಳಿದ. ಬಾನೆಟ್ಟಿನ ಮೇಲೆ ಕೈಯಿಟ್ಟ. ಆ ಕೈ ಅಲ್ಲಿದ್ದದ್ದಕ್ಕೋ ಏನೋ, ನಾಲಿಗೆ ಸಡಿಲವಾಯಿತು. ನೆಲ ನೋಡಿಕೊಂಡೇ ಶುರು ಮಾಡಿದ.

“ಗೌಡ್ರೇ, ನಾನು ಹೇಳ್ತಿಲ್ಲ, ಗಾಡಿ ಹೇಳ್ತೈತೆ. ನಂದು ಲಾರಿ ಜಾತಿ ಅಲ್ಲ, ಎತ್ತಿನ ಗಾಡಿ ಜಾತೀನೂ ಅಲ್ಲ ಅಂತೈತೆ. ನನ್ನ ಬಲ ಎಲ್ಲಾ ಹಿಂಗಾಲಾಗೈತೆ, ಹಿಂಗಾಲು ನೆಲ ಕಚ್ಚಬೇಕು ಅಂದ್ರೆ ಮ್ಯಾಲೆ ಭಾರ ಕುಂತಿರಬೇಕು ಅಂತೈತೆ. ದೊಡ್ಡೋರು ಮುಂದೆ ಕುಂತು ನನ್ನ ಹಿಂದೆ ಬರಿದು ಮಾಡ್ಬಿಟ್ರಿ ಅಂತೈತೆ.”

ದ್ಯಾವಣ್ಣ ಇಷ್ಟುದ್ದ ಮಾತಾಡಿದ್ದನ್ನು ಯಾರೂ ಕೇಳಿರಲಿಲ್ಲ, ಅವನೂ ಕೇಳಿರಲಿಲ್ಲ. ಭಾರಕ್ಕೆ ಅಂತ ಹಿಂದೆ ಮರಳು ತುಂಬೋಣ ಅಂದರೆ ಗುದ್ದಲಿಯಿಲ್ಲ, ಮಂಕರಿಯಿಲ್ಲ, ಹೊತ್ತಂತೂ ಇಲ್ಲವೇ ಇಲ್ಲ. ಇದ್ದ ಎರಡು ಮೂಟೆ ಭಾರ ಪಂಚೆಯುಟ್ಟುಕೊಂಡು ಎದುರಿಗೇ ನಿಂತಿತ್ತು.

“ಅಂದ್ರೆ?” ಅಂದರು ಗೌಡರು. ಅವರ ಮೀಸೆಯಿಂದ ಮರಳು ಉದುರಿತು.

ದ್ಯಾವಣ್ಣ ತಲೆ ಎತ್ತಿದ. “ನೀವು ಹಿಂದೆ ಕುಂತ್ಕಬೇಕು ಗೌಡ್ರೇ. ಗಾಲಿ ಮ್ಯಾಲೆ, ಸರಿಯಾಗಿ. ಮಾವಯ್ಯ ಇನ್ನೊಂದು ಕಡೆ. ನನ್ನ ತಂಗಿ ಮುಂದೆ ಕುಂತ್ಕತಾಳೆ.” ಈ ಕೊನೆಯ ಮಾತಿಗೆ ಗಾಡಿಯ ಹೆಸರು ಹೇಳೋದನ್ನ ಅವನು ಮರೆತಿದ್ದ.

ಗೌಡರ ಮುಖ ಹುಣಸೆ ಹುಳಿಯಾಯಿತು. ತೋಪೇಗೌಡ ಹೋಗಿ ಮೂಟೆ ಆಗಬೇಕಾ ಅಂತ ಗುಡುಗಿದರು. ಹೆಂಗಸರು ಸೆರಗು ಬಾಯಿಗಿಟ್ಟುಕೊಂಡು ನಗು ನುಂಗಿದರು. ಗವಿಯಣ್ಣ ಇದೇ ಸಮಯ ಅಂತ, ಗೌಡರಿಗೆ ಆಗದಿದ್ದರೆ ಬಿಡಲಿ, ನನ್ನೊಬ್ಬನ ಭಾರವೇ ಸಾಕು ಅಂದ. ಅಷ್ಟು ಸಾಕಾಯಿತು ನೋಡಿ! ಗೌಡರು ಪಂಚೆ ಎತ್ತಿ ಕಟ್ಟಿದರು. ಆ ಪೀಚಲು ಗವಿಯನ ಭಾರಕ್ಕೆ ಗಾಲಿಯಲ್ಲ, ಬೆಣ್ಣೆಯೂ ಒತ್ತಲ್ಲ ಅಂದರು. ಇಬ್ಬರೂ ನಾ ಮುಂದು ತಾ ಮುಂದು ಅಂತ ಹಿಂದಕ್ಕೆ ಹತ್ತಿದರು. ಹತ್ತಿದ ಮೇಲೂ ಯಾರ ಕಡೆ ಗಾಡಿ ಹೆಚ್ಚು ತಗ್ಗಿತು ಅಂತ ಬಗ್ಗಿ ಬಗ್ಗಿ ನೋಡಿಕೊಂಡರಂತೆ. ಪೆಟ್ಟಿಗೆ ಹತ್ತಿತು, ಹೆಂಗಸರು ಹತ್ತಿದರು. ದ್ಯಾವಣ್ಣ ಗಾಲಿಯ ಗಾಳಿ ತುಸು ಬಿಟ್ಟು, ದಡದ ಹೊಂಗೆಸೊಪ್ಪು ಮುರಿದು ತಂದು ಗಾಲಿಯಡಿ ಒಟ್ಟಿದ. ಮುದ್ದೀರಮ್ಮ ಮುಂದಿನ ಸೀಟಿನಲ್ಲಿ, ಆ ಹೊಸ ಟವೆಲಿನ ಮೇಲೆ ಕೂತಳು.

ಎಂಜಿನ್ ಗುಟುರು ಹಾಕಿತು. ಹಿಂದಿನ ಗಾಲಿ ಸೊಪ್ಪು ಕಚ್ಚಿತು, ಮರಳು ಕಚ್ಚಿತು, ಮೆಲ್ಲಗೆ ಮೇಲೆದ್ದಿತು. ದಡ ಮುಟ್ಟಿದಾಗ ಎಲ್ಲರಿಗಿಂತ ಜೋರಾಗಿ ಹೋ ಅಂದದ್ದು ಗೌಡರೇ ಅಂತಾರೆ. ಅಲ್ಲಿಂದ ಮುಂದಕ್ಕೆ ಗಾಡಿ ಕುಣಿಯಲಿಲ್ಲ. ಗಾಳಿ ಮುಖಕ್ಕೆ ಬೀಸುತ್ತಿತ್ತು, ಹೊಲ, ಗುಡ್ಡ, ಆಕಾಶ ಎಲ್ಲ ಸುತ್ತಲೂ ತೆರೆದುಕೊಂಡಿತ್ತು. ಇಷ್ಟು ವರ್ಷ ಗಾಜಿನ ಹಿಂದೆ ಕೂತು ಎಂಥದ್ದು ಕಳಕೊಂಡೆ ಅಂತ ಗೌಡರು ಗವಿಯಣ್ಣನಿಗೆ ಹೇಳಿದರಂತೆ. ಸೋಬಾನೆ ಪದಕ್ಕೆ ಇಬ್ಬರೂ ಸೇರಿ ದನಿ ಕೂಡಿಸಿ, ಪದವನ್ನು ಪೂರ್ತಿ ಕೆಡಿಸಿದರಂತೆ.

ಆದರೆ ಹೊತ್ತು ಯಾರಿಗೆ ಕಾಯುತ್ತೆ? ಮಾದೇನಹಟ್ಟಿ ಮುಟ್ಟಿದಾಗ ಮುಹೂರ್ತ ಮೀರಿತ್ತು. ಓಲಗ ನಿಂತಿತ್ತು. ಚಪ್ಪರದ ಕಂಬಕ್ಕೆ ಒರಗಿ ಹುಡುಗ ನೆಲ ಕೆರೆಯುತ್ತಾ ನಿಂತಿದ್ದ. ಸಿರಿಯಮ್ಮಜ್ಜಿ ಕೋಲು ಊರಿಕೊಂಡು ಚಪ್ಪರದ ಬಾಗಿಲಿಗೆ ಬಂದು ಕಣ್ಣಿಗೆ ಕೈ ಅಡ್ಡ ಹಿಡಿದಳು. ದ್ಯಾವಣ್ಣ ಬ್ರೇಕು ಒತ್ತಿ ಗಾಡಿ ನಿಲ್ಲಿಸಿದ.

ಅಜ್ಜಿ ನೋಡಿದಳು. ಮುಂದಿನ ಸೀಟಿನಲ್ಲಿ ಹೆಣ್ಣು, ಸೀರೆಯ ಮಡಿಕೆ ಕೆಡದೆ, ನೆಟ್ಟಗೆ ಕೂತಿದ್ದಳು. ಹಿಂದೆ ತಗಡಿನ ಮೇಲೆ ಊರಗೌಡ ಒಂದು ಕಡೆ, ಸೋದರಮಾವ ಒಂದು ಕಡೆ. ತಲೆಯಿಂದ ಕಾಲಿನವರೆಗೂ ಧೂಳು, ಮೀಸೆಯಲ್ಲಿ ಮರಳು, ಮುಖದ ತುಂಬ ನಗು. ಅಜ್ಜಿ ತುಂಬ ಹೊತ್ತು ನೋಡಿದಳಂತೆ. ಅವಳೂ ಒಂದು ಕಾಲದಲ್ಲಿ ಆ ಊರಿಗೆ ಹೆಣ್ಣಾಗಿ ಬಂದವಳು. ಎತ್ತಿನ ಗಾಡಿಯ ಹಿಂದೆ ನಡೆದುಕೊಂಡು ಬಂದಿದ್ದಳು ಅಂತಾರೆ.

ತಿರುಗಿ ಓಲಗದವರಿಗೆ ಊದ್ರೋ ಅಂದಳು. ಪುರೋಹಿತ ಗಾಬರಿಯಾಗಿ, ಮುಹೂರ್ತ ಮೀರಿದೆಯಲ್ಲಜ್ಜಿ ಅಂದ. ಅಜ್ಜಿ ಅವನ ಕಡೆ ಕೋಲು ಚಾಚಿದಳು.

“ಹೆಣ್ಣನ್ನ ಮುಂದೆ ಕುಂಡ್ರಿಸಿ, ದೊಡ್ಡೋರು ಹಿಂದೆ ಧೂಳು ಕುಡ್ಕಂಡು ಬರೋ ಗಳಿಗೆಗಿಂತ ಒಳ್ಳೆ ಗಳಿಗೆ ನಿನ್ನ ಪಂಚಾಂಗದಾಗೆ ಐತೇನಯ್ಯಾ? ಇದ್ರೆ ತೋರ್ಸು.”

ಪುರೋಹಿತ ಪಂಚಾಂಗ ಮುಚ್ಚಿದ. ಓಲಗ ಎದ್ದಿತು. ದ್ಯಾವಣ್ಣ ಸ್ಟೇರಿಂಗ್ ಮೇಲೆ ಹಣೆ ಇಟ್ಟು ಮಗುವಿನ ಹಾಗೆ ಅತ್ತ. ಆಮೇಲೆ ಕೆಳಗಿಳಿದು ಗೌಡರಿಗೆ ಕೈಕೊಟ್ಟು ಇಳಿಸಿಕೊಂಡ. ಮುದ್ದೀರಮ್ಮನ ಸಂಸಾರ ಹಾಲುಜೇನಾಯಿತು. ಜಗಳ ಇರಲಿಲ್ಲ ಅಂತಲ್ಲ, ಜಗಳದಲ್ಲೂ ಅವಳದೇ ಮೇಲಾಗಿತ್ತು ಅಂತಾರೆ.

ಆಮೇಲೆ ದ್ಯಾವಣ್ಣ ಮುದುಕನಾದ, ನಡುವಣ್ಣನೂ ಮುದಿಯಾಯಿತು. ಅದರ ತಗಡು ಯಾರ ಮನೆಯ ಸೂರಾಯಿತೋ, ಯಾರ ಎಮ್ಮೆ ನೀರು ಕುಡಿಯೋ ಬಾನಿಯಾಯಿತೋ ಗೊತ್ತಿಲ್ಲ. ಈಗ ಮರಳಹಳ್ಳಕ್ಕೆ ಸೇತುವೆ ಬಂದಿದೆ, ಟಾರು ಬಂದಿದೆ, ಬಸ್ಸು ಬಂದಿದೆ. ಯಾವ ಗಾಲಿಯೂ ಹೂಳೋದಿಲ್ಲ, ಯಾರ ಭಾರವೂ ಬೇಕಾಗಿಲ್ಲ. ಆದರೂ ನಮ್ಮ ಜೋಡುಗುಂಡಹಳ್ಳಿಯವರು ಬಸ್ಸು ಹತ್ತಿದರೆ, ವಯಸ್ಸಾದವರೆಲ್ಲ ಸೀದಾ ಹಿಂದಕ್ಕೆ ಹೋಗಿ, ಎತ್ತಿ ಹಾಕೋ ಆ ಕೊನೆಯ ಸೀಟಿನಲ್ಲೇ ಕೂರುತ್ತಾರೆ. ಮುಂದಿನ ಸೀಟು ಬಾಣಂತಿಗೆ, ಜ್ವರದ ಮಗುವಿಗೆ, ಹೊಸದಾಗಿ ಬಂದ ಸೊಸೆಗೆ. ಹೊಸ ಕಂಡಕ್ಟರು, ಅಜ್ಜಾ ಮುಂದೆ ಜಾಗ ಐತೆ ಬನ್ನಿ ಅಂತ ಕರೆದು ಕರೆದು ಸುಸ್ತಾಗ್ತಾನೆ. ಸುತ್ತಲ ಊರುಗಳಲ್ಲಿ ಹೆಣ್ಣು ಹೆತ್ತವರು ಗಂಡಿನ ಹೊಲ ಕೇಳೋದಿಲ್ಲ, ಜಾತಕ ಕೇಳೋದಿಲ್ಲ. ದೊಡ್ಡೋರು ಹಿಂದೆ ಕೂರೋ ಊರಿನವನಾ ಅಂತ ಕೇಳ್ತಾರೆ, ಹೌದು ಅಂದರೆ ಎಲೆಅಡಿಕೆ ಕೊಟ್ಟುಬಿಡ್ತಾರೆ.

ಮದುವೆಗೆ ಮಾತ್ರ ಇವತ್ತಿಗೂ ಪಿಕಪ್ಪೇ ಆಗಬೇಕು. ಮನೆಯಲ್ಲಿ ಎಷ್ಟೇ ದೊಡ್ಡ ಕಾರಿರಲಿ, ಹೆಣ್ಣು ಬರೋದು ಪಿಕಪ್ಪಿನ ಮುಂದಿನ ಸೀಟಿನಲ್ಲಿ, ಊರಿನ ಹಿರಿಯರು ಹಿಂದಿನ ಗಾಲಿಯ ಮೇಲೆ. ಮೊನ್ನೆ ನಮ್ಮ ಮೊಮ್ಮಗನ ಹೆಂಡತಿಯನ್ನು ಕರೆತಂದ ದಿನ ನನಗೆ ಎದ್ದು ನಿಲ್ಲೋಕೂ ಆಗಿರಲಿಲ್ಲ. ನೀನು ಮನೇಲಿರಜ್ಜಾ ಅಂದರು. ನಾನು ಬಿಡಲಿಲ್ಲ. ನಾಲ್ಕು ಜನ ಸೇರಿ ನನ್ನನ್ನ ಎತ್ತಿ ಹಿಂದೆ ಕೂರಿಸಿದರು. ಈ ಮೈಯಲ್ಲಿ ಭಾರ ಅಂತ ಏನೂ ಉಳಿದಿಲ್ಲ. ಆದರೂ ಇದ್ದಷ್ಟನ್ನೂ ಗಾಲಿಯ ಮೇಲೆ ಇಟ್ಟು, ಗಟ್ಟಿಯಾಗಿ ಕೂತೆ.